ಹೊನ್ನಾಳಿಯ ಕಂಡಕ್ಟರಿಗೆ ನಾನು ಕೊಟ್ಟ ಅಂಕ

ಆ ಸಲ ಹೊನ್ನಾಳಿಯ ವೃದ್ಧಾಶ್ರಮದಲ್ಲಿ ಹನ್ನೊಂದು ಜನರಿಗೆ ನೆನಪಿನ ಪರೀಕ್ಷೆ ಮಾಡಿದೆ. ಹನ್ನೊಂದು ಜನವೂ ಮೂರಕ್ಕೆ ಮೂರು ಪದ ಹೇಳಿದರು. ಎಂಬತ್ತು ದಾಟಿದವರು, ಮಧ್ಯಾಹ್ನ ಉಂಡದ್ದನ್ನು ಸಂಜೆಗೆ ಮರೆಯುವವರು, ಪಕ್ಕದ ಮಂಚದವರ ಚಪ್ಪಲಿ ಮೆಟ್ಟಿಕೊಂಡು ಓಡಾಡುವವರು, ಎಲ್ಲರೂ ಪಾಸು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಮೈಯುರಿಯಿತು. ಯಾರೋ ನನ್ನ ಕಣ್ಣಿಗೆ ಮಣ್ಣೆರಚಿದ್ದಾರೆ ಎಂದು ಗೊತ್ತಾಗಿ ಹೋಗಿತ್ತು.

ನನ್ನ ಕೆಲಸ ಇಷ್ಟು. ಒಂದು ಸಂಸ್ಥೆ ಚನ್ನಗಿರಿ, ನ್ಯಾಮತಿ, ಹೊನ್ನಾಳಿ, ಜಗಳೂರುಗಳಲ್ಲಿ ನಾಲ್ಕು ವೃದ್ಧಾಶ್ರಮ ನಡೆಸುತ್ತದೆ. ನಾನಿರುವುದು ಚನ್ನಗಿರಿಯಲ್ಲಿ. ಮೂರು ತಿಂಗಳಿಗೊಮ್ಮೆ ನಾಲ್ಕೂ ಕಡೆ ಹೋಗಿ, ಅಲ್ಲಿರುವವರ ನೆನಪು ಎಷ್ಟು ಉಳಿದಿದೆಯೆಂದು ಅಳೆದು ಬರೆದಿಡಬೇಕು. ಮೂವತ್ತು ಅಂಕದ ಪರೀಕ್ಷೆ. ಇವತ್ತು ಯಾವ ವಾರ, ಯಾವ ತಿಂಗಳು, ಇದು ಯಾವ ಊರು ಎಂದು ಕೇಳುತ್ತೇನೆ. ಆಮೇಲೆ ಮೂರು ಪದ ಹೇಳಿ, ಅವರ ಬಾಯಿಂದಲೂ ಒಮ್ಮೆ ಹೇಳಿಸಿ, ನೆನಪಿಟ್ಟುಕೊಳ್ಳಿ ಎನ್ನುತ್ತೇನೆ. ಓದಿದವರಾದರೆ ನೂರರಿಂದ ಏಳೇಳು ಕಳೆಯುತ್ತ ಹೋಗುವ ಲೆಕ್ಕ. ಓದದವರಾದರೆ ವಾರಗಳ ಹೆಸರನ್ನು ಶನಿವಾರದಿಂದ ಹಿಂದಕ್ಕೆ ಹೇಳುವುದು. ಐದು ನಿಮಿಷ ಹೀಗೆ ಬೇರೆ ಕಡೆ ಎಳೆದಾಡಿಸಿ, ಈಗ ಆ ಮೂರು ಪದ ಹೇಳಿ ನೋಡೋಣ ಎನ್ನುತ್ತೇನೆ. ಸುಳಿವು ಕೊಡುವಂತಿಲ್ಲ. ಸರಿ ತಪ್ಪು ನನ್ನ ಮುಖದಲ್ಲಿ ಕಾಣುವಂತಿಲ್ಲ. ಅವರು ಏನು ಹೇಳುತ್ತಾರೋ ಅದನ್ನು ತಿದ್ದದೆ ಹಾಗೆಯೇ ಬರೆಯಬೇಕು. ಶ್ರದ್ಧೆಯಿಂದ ಉತ್ತರಿಸಿದರೋ ಇಲ್ಲವೋ ಎಂದು ಕೊನೆಯಲ್ಲಿ ಗುರುತು ಹಾಕಬೇಕು.

ಒಟ್ಟು ಹದಿನೆಂಟಕ್ಕಿಂತ ಕಡಿಮೆ ಬಂದವರನ್ನು ಜಗಳೂರಿಗೆ ಕಳಿಸಬೇಕೆಂಬುದು ಸಂಸ್ಥೆಯ ನಿಯಮ. ಉಳಿದ ಮೂರು ಕಡೆ ಗೇಟು ಹಗಲೆಲ್ಲ ತೆರೆದಿರುತ್ತದೆ, ಜಗಳೂರಿನಲ್ಲಿ ಮಾತ್ರ ಬೀಗ. ಹಿಂದೊಮ್ಮೆ ಹೊನ್ನಾಳಿಯಿಂದ ಮರೆವಿನ ಮುದುಕರೊಬ್ಬರು ಹೊರಗೆ ನಡೆದವರು ನಾಲ್ಕನೇ ದಿನ ಹೊಳೆದಂಡೆಯ ಜಾಲಿಪೊದೆಯಲ್ಲಿ ಸಿಕ್ಕಿದ್ದರು, ಉಸಿರಿರಲಿಲ್ಲ. ಆಮೇಲೆ ಬಂದ ನಿಯಮವಿದು. ಕಾಗದದಲ್ಲಿ ಓದಿದರೆ ಯಾರೂ ತಪ್ಪೆನ್ನಲಾರರು.

ಕಳ್ಳತನ ಹೇಗೆ ನಡೆದಿತ್ತೆಂಬುದು ಮಧ್ಯಾಹ್ನಕ್ಕೇ ಬಯಲಾಯಿತು. ನಾನು ಪರೀಕ್ಷೆ ಮಾಡುವ ಕೋಣೆಯ ಕಿಟಕಿ ಪಡಸಾಲೆಗೆ ತೆರೆದುಕೊಳ್ಳುತ್ತದೆ. ಸರದಿಗೆ ಕಾಯುವವರೆಲ್ಲ ಅಲ್ಲೇ ಬೆಂಚಿನ ಮೇಲೆ ಕೂತಿರುತ್ತಾರೆ. ನೀರು ಕುಡಿಯಲು ಎದ್ದವಳಿಗೆ ಬೆಂಚಿನ ಮೇಲಿನ ಪಿಸುಮಾತು ಕೇಳಿಸಿತು: ತೆಂಗಿನಮರ, ಕನ್ನಡಿ, ಕುದುರೆ. ಒಳಗೆ ಹೋಗಿ ಬಂದವರು ಹೊರಗಿದ್ದವರಿಗೆ ದಾಟಿಸುತ್ತಿದ್ದರು. ಅಷ್ಟೇ ಆಗಿದ್ದರೆ ಅದು ಆ ದಿನದ ಕಾಪಿ. ಆದರೆ ನಾನು ಒಂದು ವರ್ಷದಿಂದ ಅವೇ ಮೂರು ಪದ ಕೇಳುತ್ತಿದ್ದೆ. ಪದಗಳ ಮೂರು ಪಟ್ಟಿ ನನ್ನ ಚೀಲದಲ್ಲೇ ಇದ್ದವು, ಪ್ರತಿ ಸಲ ಬದಲಿಸಬೇಕೆಂದು ತರಬೇತಿಯಲ್ಲಿ ಹೇಳಿಯೂ ಇದ್ದರು. ಫಾರಂ ಅಚ್ಚಾಗಿದ್ದುದು ಮೊದಲ ಪಟ್ಟಿಯೊಂದಿಗೆ. ಅದನ್ನು ಹೊಡೆದು ಬೇರೆ ಬರೆಯಲು ಸೋಮಾರಿತನವಾಗಿ ನಾನು ಅದನ್ನೇ ಓದುತ್ತ ಬಂದಿದ್ದೆ.

ಹೊನ್ನಾಳಿಯ ಮೇಲ್ವಿಚಾರಕಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ವಯಸ್ಸಾದ ಕಾಲಕ್ಕೆ ಕಾಪಿ ಹೊಡೆಯಬೇಡಿ ಎಂದು ಯಾರು ಬುದ್ಧಿ ಹೇಳುತ್ತಾರೆ ಎಂದಳು. ನನಗೆ ನಗು ಬರಲಿಲ್ಲ. ನನ್ನ ತಪ್ಪಿಗೆ ನನ್ನ ಮೇಲೆ ಬರಬೇಕಾದ ಸಿಟ್ಟನ್ನು ಅವರ ಮೇಲೆ ತಿರುಗಿಸಿಕೊಂಡು ಕೂತೆ. ಚಾಪೆಯ ಕೆಳಗೆ ನುಸುಳಿದರೆ ನಾನು ರಂಗೋಲಿಯ ಕೆಳಗೆ ನುಸುಳುತ್ತೇನೆ, ನೋಡೋಣ ಎಂದು ಹಠ ಹುಟ್ಟಿತು.

ಆ ಹನ್ನೊಂದು ಜನರಲ್ಲಿ ಒಬ್ಬ ಅಮ್ಮನ ಉತ್ತರ ನನ್ನನ್ನು ಹೆಚ್ಚು ಕಾಡುತ್ತಿತ್ತು. ವಾರ ಗೊತ್ತಿಲ್ಲ, ತಿಂಗಳು ಗೊತ್ತಿಲ್ಲ, ಕೈಯಲ್ಲಿದ್ದ ಪೆನ್ನನ್ನು ತೋರಿಸಿದರೆ ಹೆಸರು ಹೊಳೆಯದು. ಪದ ಕೇಳಿದ ಕೂಡಲೇ ಮಾತ್ರ ಬಲಗೈಯ ಮೂರು ಬೆರಳನ್ನು ಹಣೆಗೆ ತಂದು, ಎಡದಿಂದ ಬಲಕ್ಕೆ ಎಳೆಯುತ್ತ, ತೆಂಗಿನಮರ, ಕನ್ನಡಿ, ಕುದುರೆ ಎಂದು ಒಂದೇ ಉಸಿರಿಗೆ ಹೇಳಿದರು. ವಿಭೂತಿ ಹಚ್ಚುವ ಕೈಚಳಕ ಅದು. ಒಟ್ಟು ಇಪ್ಪತ್ತು ಬಂದಿತ್ತು. ಅದರಲ್ಲಿ ಮೂರು ಈ ಪದಗಳದು.

ಅವರ ಗಂಡ ಅದೇ ಆಶ್ರಮದಲ್ಲಿದ್ದರು. ಹೊನ್ನಾಳಿ-ಶಿವಮೊಗ್ಗ ಬಸ್ಸಿನಲ್ಲಿ ಇಡೀ ಆಯುಷ್ಯ ಕಂಡಕ್ಟರಾಗಿದ್ದವರು. ಅವರಿಗೆ ಇಪ್ಪತ್ತೊಂಬತ್ತು ಬಂದಿತ್ತು, ಅದೂ ಪ್ರಾಮಾಣಿಕವಾಗಿ. ಮಕ್ಕಳಿಲ್ಲ. ಹೆಂಡತಿಯ ಮರೆವು ಹೆಚ್ಚಿ ಒಲೆ ಆರಿಸುವುದನ್ನು ಬಿಟ್ಟ ಮೇಲೆ ಇಬ್ಬರೂ ಸೇರಿ ಇಲ್ಲಿಗೆ ಬಂದಿದ್ದರು. ಮಂಚ ಬೇರೆ ಬೇರೆ ಕೋಣೆಯಲ್ಲಿ, ಹಗಲೆಲ್ಲ ಒಟ್ಟಿಗೆ. ತಲೆ ಬಾಚುವುದು, ಸೀರೆಯ ನೆರಿಗೆ ಹಿಡಿದುಕೊಡುವುದು, ತುತ್ತು ನುಂಗಿದರೋ ಇಲ್ಲವೋ ನೋಡುವುದು, ಎಲ್ಲ ಅವರೇ. ಆಕೆ ಪದ ಹೇಳುವಾಗ ಕಿಟಕಿಯ ಹೊರಗೆ ಅವರ ತುಟಿಯೂ ಅಲುಗುತ್ತಿತ್ತು. ನನ್ನ ಕಣ್ಣು ಆ ಕಡೆ ಹೋದದ್ದೇ ತಡ ಟವೆಲಿನಿಂದ ಬಾಯಿ ಒರೆಸಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಮೂರನೇ ದಿನ ಹೇಳದೆ ಕೇಳದೆ ಹೊನ್ನಾಳಿಗೆ ಮತ್ತೆ ಹೋದೆ. ಕಿಟಕಿ ಮುಚ್ಚಿಸಿದೆ. ಮುಗಿಸಿದವರು ಹಿಂದಿನ ಬಾಗಿಲಿಂದ ಹೋಗುವಂತೆ ಮಾಡಿಸಿದೆ. ಎರಡನೇ ಪಟ್ಟಿ ತೆಗೆದೆ: ಕೊಡಲಿ, ಮಲ್ಲಿಗೆ, ದೋಣಿ. ಮೊದಲ ಸರದಿಗೆ ಆ ಅಮ್ಮನನ್ನೇ ಕರೆದೆ. ಅದು ನನ್ನ ನಿರ್ಧಾರ, ಮೇಲಿನವರು ಯಾರೂ ಹೇಳಿದ್ದಲ್ಲ. ಕೆಲಸ ಶುದ್ಧವಾಗಿರಬೇಕೆಂದು ಮಾಡಿದೆ ಎಂದು ಅವತ್ತು ಅಂದುಕೊಂಡಿದ್ದೆ. ಈಗ ಅನಿಸುತ್ತದೆ, ಹಿಡಿದುಹಾಕುವ ಸುಖ ಅದರಲ್ಲಿ ಅರ್ಧಕ್ಕಿಂತ ಹೆಚ್ಚಿತ್ತು.

ಹೊಸ ಪದಗಳನ್ನು ನನ್ನ ಹಿಂದೆಯೇ ಸರಿಯಾಗಿ ಹೇಳಿದರು. ಐದು ನಿಮಿಷದ ನಂತರ ಕೇಳಿದೆ. ಮೂರು ಬೆರಳು ಹಣೆಗೆ ಹೋಯಿತು. ತೆಂಗಿನಮರ, ಕನ್ನಡಿ, ಕುದುರೆ. ಹೇಳಿ ಮುಗಿಸಿ, ಜಾಣ ಹುಡುಗಿಯ ಹಾಗೆ ನನ್ನ ಮುಖ ನೋಡಿದರು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು, ಮುಂದೆ ಸೊನ್ನೆ ಹಾಕಿದೆ. ಒಟ್ಟು ಹದಿನೇಳು ಬಂತು.

ಕಂಡಕ್ಟರ್ ಹಿಂದಿನ ಬಾಗಿಲಲ್ಲೇ ನಿಂತಿದ್ದರು. ಎಷ್ಟು ಬಂತೆಂದು ಕೇಳಿದರು, ಹದಿನೇಳು ಎಂದೆ. ದಿನಾ ಬೆಳಗ್ಗೆ ಪೂಜೆಯ ಹೊತ್ತಿಗೆ ತಾನೇ ಹೇಳಿಕೊಟ್ಟದ್ದೆಂದು ಒಪ್ಪಿಕೊಂಡರು. ಆಕೆ ಏನು ಮರೆತರೂ ಇಷ್ಟಲಿಂಗದ ಪೂಜೆ ಮರೆತಿರಲಿಲ್ಲ. ಮೂರು ಬೆರಳಿಗೆ ಮೂರು ಪದ ಕಟ್ಟಿದರೆ ಕೈಯೇ ನೆನಪಿಟ್ಟುಕೊಳ್ಳುತ್ತದೆ ಎಂಬುದು ಅವರ ಉಪಾಯ. ಒಂದು ವರ್ಷ ಬಿಡದೆ ಮಾಡಿಸಿದ್ದರು.

"ಮೇಡಂನೋರೇ, ತಪ್ಪು ನಂದು. ಶಿಕ್ಷೆ ನನಗ ಹಾಕ್ರಿ. ಒಂದು ಮಾರ್ಕಿಗೆ ಆಕಿನ್ನ ಕಳಿಸಬ್ಯಾಡ್ರಿ. ನಾನಿಲ್ದಿದ್ರೆ ಆಕಿಗೆ ನೀರು ಕುಡಿಯಾಕೂ ತಿಳಿಯಲ್ಲ."

"ಅದಕ್ಕೇ ಯಜಮಾನ್ರೇ ಕಳಿಸೋದು," ಎಂದೆ. "ಅಲ್ಲಿ ನೋಡಿಕೊಳ್ಳೋಕೆ ಜನ ಇದ್ದಾರೆ."

ಎಷ್ಟು ಸಲೀಸಾಗಿ ಬಂತು ಆ ಮಾತು. ಅವರು ಒಳಗೆ ಹೋದರು. ತಾವೂ ಜೊತೆಗೆ ಹೋಗಬಹುದೇ ಎಂದು ಮೇಲ್ವಿಚಾರಕಿಯನ್ನು ಕೇಳಿದರಂತೆ. ಜಗಳೂರಿನಲ್ಲಿ ಹಾಸಿಗೆ ಕಡಿಮೆ, ಹದಿನೆಂಟರ ಒಳಗಿನವರಿಗೆ ಮಾತ್ರ ಎಂದು ಅವಳು ನಿಯಮ ಓದಿ ಹೇಳಿದಳು. ಸಂಸ್ಥೆಯ ವೈದ್ಯರು ನನ್ನ ಹಾಳೆ ನೋಡಿ ಸಹಿ ಮಾಡಿದರು. ಆಶ್ರಮದಲ್ಲಿರುವವರ ರುಜು ನಡೆಯದೆಂದು, ಸಂತೇಬೆನ್ನೂರಿನಲ್ಲಿದ್ದ ಆಕೆಯ ತಮ್ಮನ ಮಗ ಬಂದು ಒಪ್ಪಿಗೆ ಕಾಗದಕ್ಕೆ ರುಜು ಹಾಕಿ, ಸಂತೆಗೆ ಹೊತ್ತಾಯಿತೆಂದು ಹೊರಟುಹೋದ. ಅದೇ ವಾರ ಆ ಅಮ್ಮನನ್ನು ವ್ಯಾನಿನಲ್ಲಿ ಕೂರಿಸಿದರು. ಕಂಡಕ್ಟರ್ ಅಭ್ಯಾಸದಂತೆ ವ್ಯಾನಿನ ಬಾಗಿಲು ಹಾಕಿ, ಹೊರಗಿನಿಂದ ಎರಡು ಸಲ ತಟ್ಟಿ, ರೈಟ್ ಎಂದರಂತೆ. ಇದನ್ನು ಮೇಲ್ವಿಚಾರಕಿ ತಮಾಷೆಯೆಂಬಂತೆ ಹೇಳಿದಳು.

ಮೊದಲೆರಡು ತಿಂಗಳು ಕಂಡಕ್ಟರ್ ವಾರಕ್ಕೊಮ್ಮೆ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋಗುತ್ತಿದ್ದರು. ಸರಳಿನ ಬಾಗಿಲಿನ ಈಚೆ ಅರ್ಧ ಗಂಟೆ ಕೂತು ಬರಲು ಅವಕಾಶವಿತ್ತು. ಆಮೇಲೆ ಮಂಡಿ ಊದಿಕೊಂಡು ಅದೂ ನಿಂತಿತು.

ಮುಂದಿನ ಸುತ್ತಿನಲ್ಲಿ ನಾನು ಮೊದಲು ಜಗಳೂರಿಗೆ ಹೋದೆ. ಅಲ್ಲಿನ ಸಿಸ್ಟರ್ ನನ್ನ ಕಂಡೊಡನೆ ಆ ಅಮ್ಮನ ದೂರು ಎತ್ತಿದಳು. ಬೆಳಗ್ಗೆ ಕೈಗೆ ವಿಭೂತಿ ಕೊಟ್ಟರೆ ಶಿವನ ಹೆಸರು ಹೇಳುವುದಿಲ್ಲ, ತೆಂಗಿನಮರ, ಕನ್ನಡಿ, ಕುದುರೆ ಎನ್ನುತ್ತಾರೆ, ಉಳಿದವರೆಲ್ಲ ನಗುತ್ತಾರೆ, ಎಂದಳು. ನಾನೂ ನೋಡಿದೆ. ಮೂರು ಬೆರಳು ಎಳೆದು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು, ಕಣ್ಣು ಮುಚ್ಚಿ, ಭಕ್ತಿಯಿಂದ ಆ ಮೂರು ಪದವನ್ನೇ ಜಪಿಸುತ್ತಿದ್ದರು. ಬಾಲ್ಯದಿಂದ ಬಂದಿದ್ದ ಮಂತ್ರವನ್ನು ಗಂಡನ ಪಾಠ ಹೊರದೂಡಿತ್ತು. ನನ್ನ ಪರೀಕ್ಷೆಗೆಂದು ಮಾಡಿದ್ದ ಪಾಠ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆ ದಿನ ಉಳಿದವರ ಫಾರಂಗಳಲ್ಲಿ ನನ್ನ ಅಕ್ಷರ ನನಗೇ ಓದಲು ಬಾರದ ಹಾಗಿದೆ.

ಮರುದಿನ ಹೊನ್ನಾಳಿ. ಕಂಡಕ್ಟರ್ ಸರದಿ ಬಂತು. ಕ್ಷೌರ ಮಾಡಿಸಿಕೊಂಡಿದ್ದರು, ಒಗೆದ ಅಂಗಿ ಹಾಕಿದ್ದರು. "ಆಕಿ ಹೆಂಗದಾಳ್ರಿ?" ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. ತಲೆಯಾಡಿಸಿ, ಎದುರಿನ ಕುರ್ಚಿಯಲ್ಲಿ ಕೂತು, ಟವೆಲು ತೊಡೆಯ ಮೇಲಿಟ್ಟುಕೊಂಡರು.

ಇವತ್ತು ಯಾವ ವಾರ ಎಂದೆ. ಶುಕ್ರವಾರವಿತ್ತು, ಮಂಗಳವಾರ ಎಂದರು. ತಿಂಗಳನ್ನು ತಪ್ಪು ಹೇಳಿದರು. ಇದು ಯಾವ ಊರು ಎಂದೆ. ನನ್ನ ಕಣ್ಣನ್ನೇ ನೋಡುತ್ತ, "ಜಗಳೂರು" ಎಂದರು. ನನ್ನ ಪೆನ್ನು ನಿಂತಿತು. ಮೂರು ತಿಂಗಳ ಹಿಂದೆ ಇಪ್ಪತ್ತೊಂಬತ್ತು ತೆಗೆದ ಮನುಷ್ಯ ಹೀಗೆ ಕುಸಿಯುವುದಿಲ್ಲವೆಂದಲ್ಲ, ಕುಸಿಯುವುದುಂಟು. ಆದರೆ ಕುಸಿದವರು ಉತ್ತರಕ್ಕೆ ತಡಕಾಡುತ್ತಾರೆ, ನಾಚುತ್ತಾರೆ, ಮಾತು ಬದಲಿಸುತ್ತಾರೆ. ಇವರು ಹಾಗೇನೂ ಮಾಡದೆ ತಪ್ಪನ್ನು ಎಣಿಸಿ ಎಣಿಸಿ ಮೇಜಿನ ಮೇಲಿಡುತ್ತಿದ್ದರು.

ಲೆಕ್ಕದಲ್ಲಿ ಪೂರ್ತಿ ಸಿಕ್ಕಿಬಿದ್ದರು. ನೂರರಿಂದ ಏಳು ಕಳೆಯುತ್ತ ಹೋಗಿ ಎಂದೆ. ತೊಂಬತ್ತನಾಲ್ಕು, ಎಂಬತ್ತೇಳು, ಎಂಬತ್ತು, ಎಪ್ಪತ್ತಮೂರು, ಅರವತ್ತಾರು ಎಂದರು. ಪ್ರತಿಯೊಂದೂ ಸರಿಯುತ್ತರಕ್ಕಿಂತ ಒಂದೇ ಒಂದು ಹೆಚ್ಚು. ಸರಿಯುತ್ತರ ಬಾಯಿಗೆ ಬಂದ ಮೇಲೆ ಅದಕ್ಕೊಂದು ಕೂಡಿಸಿ ಹೇಳಿದರೆ ಮಾತ್ರ ಹೀಗಾಗುತ್ತದೆ. ಮರೆವಿನವರು ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡುವುದಿಲ್ಲ. ಪಾಪ, ನಾವು ಹೇಗೆ ಅಂಕ ಕೊಡುತ್ತೇವೆಂಬುದು ಅವರಿಗೆ ಗೊತ್ತಿರಲಿಲ್ಲ. ಮೊದಲ ಉತ್ತರ ತಪ್ಪಾದರೂ ಅಲ್ಲಿಂದ ಮುಂದೆ ಏಳು ಕಳೆದದ್ದು ಸರಿಯಿದ್ದರೆ ಅಂಕ ಕೊಡಬೇಕು. ಆ ಲೆಕ್ಕಕ್ಕೆ ಅವರಿಗೆ ಐದರಲ್ಲಿ ನಾಲ್ಕು ಸಲ್ಲಬೇಕಿತ್ತು.

ಪದ ಕೇಳಿದಾಗ, ಇಲ್ಲ, ಒಂದೂ ಬರುತ್ತಿಲ್ಲ ಎಂದು ಕೈಯಾಡಿಸಿದರು. ಪರೀಕ್ಷೆ ಮುಗಿಯಿತು. ನಾನು ಕೂಡಿಸಿದೆ. ಲೆಕ್ಕದ ನಾಲ್ಕು ಸೇರಿದರೆ ಹತ್ತೊಂಬತ್ತು, ಸೇರದಿದ್ದರೆ ಹದಿನೈದು. ಹತ್ತೊಂಬತ್ತಕ್ಕೆ ಹೊನ್ನಾಳಿ, ಹದಿನೈದಕ್ಕೆ ಜಗಳೂರು.

"ಯಜಮಾನ್ರೇ, ಅಲ್ಲಿ ಬೀಗ ಹಾಕ್ತಾರೆ," ಎಂದೆ. ನಿಯಮದ ಪ್ರಕಾರ ಅಷ್ಟನ್ನೂ ಹೇಳುವಂತಿರಲಿಲ್ಲ.

"ಗೊತ್ತೈತ್ರಿ," ಎಂದರು. "ಬೀಗದೊಳಗೆ ಆಕಿ ಅದಾಳಲ್ಲ."

ನಾನು ಲೆಕ್ಕದ ಮುಂದೆ ಸೊನ್ನೆ ಬರೆದೆ. ಶ್ರದ್ಧೆಯಿಂದ ಉತ್ತರಿಸಿದರೇ ಎಂಬಲ್ಲಿ ಹೌದು ಎಂದು ಗುರುತು ಹಾಕಿದೆ. ಅವರು ಎದ್ದು ಕೈಮುಗಿದು ಹೋದರು. ಹೋಗುವಾಗ ಅವರ ಬೆನ್ನು ನೆಟ್ಟಗಿತ್ತು. ಅವತ್ತು ನ್ಯಾಮತಿಗೆ ಹೋಗುವ ಬಸ್ಸಿನಲ್ಲಿ ನನಗೆ ನೆಮ್ಮದಿಯೆನಿಸಿತ್ತು. ಮಾಡಿದ ಪಾಪವನ್ನು ತೊಳೆದುಕೊಂಡೆ ಅಂದುಕೊಂಡಿದ್ದೆ. ಪರೀಕ್ಷೆ ಮಾಡುವವಳಿಗೆ ದಯೆ ತೋರಿಸುವ ಅಧಿಕಾರವೂ ಇದೆಯೆಂದು ಸ್ವಲ್ಪ ಗರ್ವವೂ ಆಗಿತ್ತು.

ಅವರನ್ನೂ ಜಗಳೂರಿಗೆ ಕಳಿಸಿದರು. ಹದಿನೈದು ದಿನ ಕಳೆದಿರಲಿಲ್ಲ, ಜಗಳೂರಿನ ಸಿಸ್ಟರಿನ ಫೋನಿನಿಂದ ಕರೆ ಬಂತು. ಮಾತಾಡಿದ್ದು ಕಂಡಕ್ಟರ್. ಹೆಂಡತಿಗೆ ಅವರ ಗುರುತು ಸಿಕ್ಕಿರಲಿಲ್ಲ. ಸರಳಿನ ಆಚೆ ಕೂತು ಹೋಗುತ್ತಿದ್ದ ಸಂದರ್ಶಕನನ್ನು ಆಕೆ ಸಹಿಸಿಕೊಂಡಿದ್ದರು. ಅದೇ ಮನುಷ್ಯ ಒಳಗೆ ಬಂದು ಜಡೆಗೆ ಕೈ ಹಾಕಿದಾಗ ಯಾರೋ ಪರಗಂಡಸು ಮೈಮುಟ್ಟಿದನೆಂದು ಕಿರುಚಿ, ತಟ್ಟೆಯಲ್ಲಿ ಹೊಡೆದಿದ್ದರು. ಎರಡು ಸಲ ಹೀಗಾದ ಮೇಲೆ ವೈದ್ಯರು ಅವರನ್ನು ಹೆಂಗಸರ ಭಾಗಕ್ಕೆ ಬಿಡಬಾರದೆಂದು ಬರೆದಿದ್ದರು. ಗಂಡಸರ ಭಾಗದಲ್ಲಿ ಕಂಡಕ್ಟರ್, ನಡುವೆ ಬೀಗ ಹಾಕಿದ ಬಾಗಿಲು. ಆಕೆಯ ಧ್ವನಿ ಮಾತ್ರ ಕೇಳಿಸುತ್ತಿತ್ತಂತೆ.

"ನಾನು ಬೇಕಂತ ತಪ್ಪು ಹೇಳಿದ್ದೆ ಅಂತ ಬರೀರಿ ಮೇಡಂನೋರೇ. ನಿಮಗೆ ಗೊತ್ತಿತ್ತಲ್ಲ. ಇಲ್ಲಿ ಯಾರಿಗೆ ಹೇಳಿದ್ರೂ ಹೂಂ ಅಂತಾರೆ, ಬೀಗ ತೆಗೆಯಲ್ಲ. ವಾಪಸ್ ಹೊನ್ನಾಳಿಗೆ ಕಳಿಸಿಬಿಡ್ರಿ."

ಹೌದು, ನನಗೆ ಗೊತ್ತಿತ್ತು. ಬರೆದರೆ ಏನಾಗುತ್ತದೆಂಬುದೂ ಗೊತ್ತಿತ್ತು. ಸುಳ್ಳು ದಾಖಲೆ ಬರೆದವಳೆಂದು ನನ್ನನ್ನು ತೆಗೆದುಹಾಕುತ್ತಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಯೋಚಿಸಿದೆ. ಇನ್ನೆರಡೂವರೆ ತಿಂಗಳು ತಡೆದುಕೊಳ್ಳಿ, ಮುಂದಿನ ಸುತ್ತಿಗೆ ನಾನೇ ಬರುತ್ತೇನೆ, ಆಗ ಎಲ್ಲವನ್ನೂ ಸರಿಯಾಗಿ ಹೇಳಿಬಿಡಿ, ಸುಧಾರಿಸಿದ್ದಾರೆ ಎಂದು ಬರೆದು ವಾಪಸ್ ಕಳಿಸುತ್ತೇನೆ ಎಂದೆ. ಅವರು ಆಯ್ತ್ರಿ ಎಂದರು. ಕಂಡಕ್ಟರ್ ಅಲ್ಲವೇ, ಬಸ್ಸು ತಡವಾದರೆ ಕಾಯುವುದು ಗೊತ್ತಿತ್ತು.

ಆ ಎರಡೂವರೆ ತಿಂಗಳಲ್ಲಿ ಏನೇನಾಯಿತೆಂಬುದನ್ನು ಆಮೇಲೆ ಸಿಸ್ಟರಿನ ದಿನಚರಿ ಪುಸ್ತಕದಲ್ಲಿ ಓದಿದೆ. ನಾನು ಕೊಟ್ಟ ಹದಿನೈದನ್ನು ನಂಬಿ ಅವಳು ತನ್ನ ಕೆಲಸ ತಾನು ಮಾಡಿ, ಹೀಗೆ ಬರೆದಿದ್ದಳು: ತನಗೆ ಯಾವ ಕಾಯಿಲೆಯೂ ಇಲ್ಲ ಎಂದು ವಾದ ಮಾಡುತ್ತಾರೆ. ಪರೀಕ್ಷೆಯಲ್ಲಿ ನಾಟಕ ಆಡಿದೆ ಎನ್ನುತ್ತಾರೆ, ಭ್ರಮೆ ಇರಬಹುದು. ಬಸ್ಸಿಗೆ ಹೊತ್ತಾಯಿತೆಂದು ಗೇಟಿನ ಬಳಿ ಹಠ. ನಿದ್ದೆಯಿಲ್ಲ, ಹೆಂಗಸರ ಭಾಗದ ಬಾಗಿಲು ಬಡಿಯುತ್ತಾರೆ. ಅದರ ಕೆಳಗೆ ವೈದ್ಯರು ಮಾತ್ರೆ ಬರೆದಿದ್ದರು. ಹತ್ತು ದಿನ ಬಿಟ್ಟು, ಬಡಿಯುವುದು ನಿಂತಿಲ್ಲ, ಮಾತ್ರೆ ಎರಡು. ಆಮೇಲೆ, ಹಗಲಲ್ಲೂ ತೂಕಡಿಕೆ, ಊಟ ಅರ್ಧ. ಆಮೇಲೆ, ಬಚ್ಚಲಲ್ಲಿ ಜಾರಿ ಬಿದ್ದರು, ತಲೆಗೆ ನಾಲ್ಕು ಹೊಲಿಗೆ, ಕನ್ನಡಕ ಒಡೆದಿದೆ. ಆಮೇಲಿನ ಪುಟಗಳಲ್ಲಿ ಅವರ ಹೆಸರಿನ ಮುಂದೆ ದಿನವೂ ಒಂದೇ ಮಾತು: ಶಾಂತವಾಗಿದ್ದಾರೆ.

ನಾನು ಹೋದ ದಿನ ಅವರನ್ನು ಕೈಹಿಡಿದು ಕರೆತಂದು ಕೂರಿಸಿದರು. ಕನ್ನಡಕ ಇನ್ನೂ ಬಂದಿರಲಿಲ್ಲ. ಗಡ್ಡ ಬಿಟ್ಟಿತ್ತು. ನನ್ನನ್ನು ಗುರುತಿಸಿದರು, ಅಷ್ಟಕ್ಕೇ ನನಗೆ ಜೀವ ಬಂತು. "ಇವತ್ತು ಸುಳ್ಳಿಲ್ರಿ," ಎಂದು ಮೆಲ್ಲಗೆ ಹೇಳಿದರು. ನಾನು ಎದ್ದು ಬಾಗಿಲು ಮುಂದೆ ಮಾಡಿ ಬಂದೆ.

ವಾರ ಕೇಳಿದೆ. ಯೋಚಿಸಿದರು. ಬುಧವಾರ ಎಂದು, ನನ್ನ ಮುಖ ನೋಡಿ, ಗುರುವಾರ ಎಂದರು. ಸೋಮವಾರವಿತ್ತು. ಊರು ಸರಿ ಹೇಳಿದರು. ಮೂರು ಪದ ಹೇಳಿದೆ. ತಿರುಗಿ ಹೇಳುವಾಗಲೇ ಒಂದು ಬಿದ್ದುಹೋಯಿತು. ನೂರರಲ್ಲಿ ಏಳು ಹೋದರೆ ತೊಂಬತ್ತಮೂರು ಎಂದರು. ಸರಿಯುತ್ತರ. ಅಲ್ಲಿಂದ ಮುಂದೆ ಬೆರಳು ಮಡಚುತ್ತ ಕೂತರು. ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಎಷ್ಟರಿಂದ ಕಳೆಯಬೇಕಿತ್ತು ಎಂದು ಕೇಳಿದರು. ನಾನು ಹೇಳುವಂತಿರಲಿಲ್ಲ.

ಪದ ಕೇಳುವ ಹೊತ್ತಿಗೆ ಅವರ ಹಣೆಯಲ್ಲಿ ಬೆವರಿತ್ತು. ಒಂದೂ ಬರಲಿಲ್ಲ. ಫಾರಂ ಪಕ್ಕಕ್ಕಿಟ್ಟು, ನಿಯಮ ಬಿಟ್ಟು, ಹೊನ್ನಾಳಿಯಿಂದ ಶಿವಮೊಗ್ಗಕ್ಕೆ ನಿಮ್ಮ ಬಸ್ಸು ಎಲ್ಲೆಲ್ಲಿ ನಿಲ್ಲುತ್ತಿತ್ತು ಹೇಳಿ ಎಂದೆ. ಆ ದಾರಿಯನ್ನು ಅವರು ನಿದ್ದೆಯಲ್ಲೂ ಹೇಳಬೇಕಿತ್ತು. ಹೊನ್ನಾಳಿ ಎಂದರು. ಸವಳಂಗ ಎಂದರು. ನಡುವಿನ ನ್ಯಾಮತಿಯನ್ನೇ ಬಿಟ್ಟಿದ್ದರು. ಏನೋ ಬಿಟ್ಟಿದ್ದೇನೆಂಬುದು ಅವರಿಗೂ ಗೊತ್ತಾಯಿತು. ಹಿಂದಕ್ಕೆ ಹೋಗಿ ಮತ್ತೆ ಹೊನ್ನಾಳಿಯಿಂದ ಶುರುಮಾಡಿ, ಮತ್ತೆ ಸವಳಂಗಕ್ಕೇ ಬಂದು ನಿಂತರು. ಮೂರನೇ ಸಲ ನಾನೇ ಬೇಡವೆಂದೆ.

"ಎಷ್ಟು ಬಂತ್ರೀ?" ಎಂದು ಕೇಳಿದರು.

ಹದಿನಾಲ್ಕು ಎಂದೆ.

"ಹೋದ ಸಲ?"

"ಹದಿನೈದು."

ಟವೆಲಿನ ಅಂಚು ತಿರುವಿದರು. "ಸುಳ್ಳು ಹೇಳಿದಾಗ್ಲೇ ಜಾಸ್ತಿ ಬಂದಿತ್ತಲ್ರೀ," ಎಂದರು. ಸಿಟ್ಟಿರಲಿಲ್ಲ ಅದರಲ್ಲಿ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಸಿಸ್ಟರ್ ಬಂದು ಕರೆದುಕೊಂಡು ಹೋದಳು.

ನಾನು ಅಲ್ಲೇ ಕೂತು ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಲೆಕ್ಕದ ನಾಲ್ಕು ಅಂಕ ಬೇಕೆಂದೇ ಕೊಡಲಿಲ್ಲ, ಈ ಮನುಷ್ಯ ಇಲ್ಲಿಗೆ ಬರಬೇಕಾದವರಾಗಿರಲಿಲ್ಲ, ಫೋನಿನಲ್ಲಿ ಕೇಳಿಕೊಂಡಾಗಲೂ ನಾನು ಸುಮ್ಮನಿದ್ದೆ, ಎಂದು ಬರೆದು ಸಹಿ ಮಾಡಿದೆ. ಮಧ್ಯಾಹ್ನ ವೈದ್ಯರು ಬಂದಾಗ ಅವರ ಕೈಗೆ ಕೊಟ್ಟೆ. ನಿಂತೇ ಓದಿದರು. ಆಮೇಲೆ ಕೂತು, ಆ ದಿನದ ಫಾರಂ ಮತ್ತು ಹಿಂದಿನ ಸಲದ ಫಾರಂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಹದಿನೈದು, ಹದಿನಾಲ್ಕು. ಮರೆವು ಶುರುವಾಗುವ ಕಾಲದಲ್ಲಿ ಕೆಲವರು ಹೀಗೆಯೇ ಚುರುಕಾಗಿ ಕಾಣುತ್ತಾರೆ, ನೀವು ನಾಟಕವೆಂದುಕೊಂಡದ್ದು ರೋಗವೇ ಇರಬಹುದು ಎಂದರು. ಮಾತ್ರೆಯಿಂದ ಆಯಿತೋ, ಬಿದ್ದದ್ದರಿಂದಲೋ ಎಂದು ನಾನು ಕೇಳಿದೆ. ಈಗ ಹೇಳುವುದು ಕಷ್ಟ, ಮಾತ್ರೆ ಇಳಿಸಿ ನೋಡೋಣ ಎಂದರು.

ನನ್ನ ಕಾಗದವನ್ನು ಮಡಚಿ ನನ್ನ ಕಡೆ ಸರಿಸಿದರು. ಇದನ್ನು ಮೇಲಕ್ಕೆ ಕಳಿಸಿದರೆ ನಿಮ್ಮ ಕೆಲಸ ಹೋಗುತ್ತದೆ, ಈ ಹದಿನಾಲ್ಕು ಮಾತ್ರ ಹದಿನೆಂಟಾಗುವುದಿಲ್ಲ, ಅವರನ್ನು ಈಗ ತೆರೆದ ಗೇಟಿನ ಮನೆಗೆ ನಾನಂತೂ ಕಳಿಸಲಾರೆ, ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ನಾಲ್ಕು ಮನೆಗಳಲ್ಲಿ ನಿಮ್ಮ ದಾಖಲೆಗಳೇ ಅಚ್ಚುಕಟ್ಟು ಎಂದೂ ಸೇರಿಸಿದರು.

ಮಡಚಿದ ಕಾಗದ ಮೇಜಿನ ಮೇಲೆ ಅವರಿಗೂ ನನಗೂ ನಡುವೆ ಇತ್ತು. ಅದನ್ನು ಅಲ್ಲೇ ಬಿಟ್ಟು ಎದ್ದು ಹೋಗಬಹುದಿತ್ತು. ನಾನು ತೆಗೆದುಕೊಂಡು ಚೀಲದೊಳಗೆ ಹಾಕಿಕೊಂಡೆ.

ಮಾತ್ರೆ ಇಳಿಸಿದರು. ಮುಂದಿನ ಸುತ್ತಿನಲ್ಲಿ ಜಗಳೂರಿನ ಪಟ್ಟಿಯಲ್ಲಿ ಅವರದು ನಾಲ್ಕನೇ ಹೆಸರು. ಕರೆಸಿ ಕೂರಿಸಿ, ವಾರ ಕೇಳಿದೆ, ತಿಂಗಳು ಕೇಳಿದೆ, ಪದ ಕೇಳಿದೆ. ಹನ್ನೆರಡು ಬಂತು. ಅದನ್ನೂ ನಾನೇ ಬರೆದೆ.